ಮೀಟಿಂಗಲ್ಲಿ ಬಾಯಿ ಬಿಡದವರ ಬಂಡವಾಳ

ಪ್ರಶ್ನೆ: ನನಗೆ 36 ವರ್ಷ. ತವರು ಕುಮಟಾ ಕಡೆ, ಮದುವೆಯಾದ ಮೇಲೆ ಮುಂಬಯಿ ಬಳಿಯ ಡೊಂಬಿವಲಿ. ನವಿ ಮುಂಬಯಿಯ ಐರೋಲಿಯ ಕಂಪನಿಯೊಂದರಲ್ಲಿ ಬ್ಯಾಂಕ್ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಕೆಲಸದ ಬಗ್ಗೆ ಯಾರೂ ತಕರಾರು ಹೇಳಿಲ್ಲ. ಆದರೆ ಎರಡು ವರ್ಷದಿಂದ ಅಪ್ರೈಸಲ್‌ನಲ್ಲಿ ಒಂದೇ ಸಾಲು: ಮೀಟಿಂಗಲ್ಲಿ ಮಾತಾಡುವುದಿಲ್ಲ, ಕಾಣಿಸಿಕೊಳ್ಳುವುದಿಲ್ಲ. ನನ್ನ ನಂತರ ಸೇರಿದವರು ಲೀಡ್ ಆದರು. ಸೊಸೈಟಿಯ ಗಣಪತಿಯಲ್ಲೂ ಕನ್ನಡ ಸಂಘದಲ್ಲೂ ನನಗೆ ಗುಮ್ಮನಗುಸುಕಿ ಎಂದೇ ಹೆಸರು. ಸಾಲದ್ದಕ್ಕೆ ಈಗ ಎರಡನೇ ಕ್ಲಾಸಿನ ಮಗನ ಟೀಚರ್ ಕೂಡ ಅವನ ಬಗ್ಗೆ ಅದನ್ನೇ ಹೇಳುತ್ತಿದ್ದಾರೆ. ಅಂತರ್ಮುಖಿಗಳಿಗೆ ಅವರದೇ ಶಕ್ತಿಗಳಿವೆ ಎಂದು ಎಲ್ಲ ಕಡೆ ಓದುತ್ತೇನೆ. ನಿಜಕ್ಕೂ ಅವು ಯಾವುವು? ನನ್ನಂಥವರು ಬದಲಾಗಬೇಕೆ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಸ್ವಭಾವ ಬದಲಾಗಬೇಕಿಲ್ಲ. ಆದರೆ ನಿಮ್ಮ ಕೆಲಸದ ಸುದ್ದಿ ಮ್ಯಾನೇಜರ್ ಕಿವಿಗೆ ಯಾವಾಗ, ಯಾವ ದಾರಿಯಿಂದ ಮುಟ್ಟುತ್ತದೆ ಎಂಬುದನ್ನು ಬದಲಾಯಿಸಲೇಬೇಕು. ಒಳ್ಳೆಯ ಕೆಲಸ ತಾನಾಗಿಯೇ ಕಾಣುತ್ತದೆ ಎಂದು ಕೂತರೆ ಮೂರನೇ ವರ್ಷವೂ ಅದೇ ಸಾಲು ಬರುತ್ತದೆ. ಬಾಯಿದ್ದವನು ಬರದಲ್ಲೂ ಬದುಕಿದ ಎಂಬ ಗಾದೆ ಮುಂಬಯಿಯ ಆಫೀಸುಗಳಿಗೆ ಹೇಳಿ ಮಾಡಿಸಿದಂತಿದೆ. ಅದು ಅನ್ಯಾಯ ಎಂದು ಗೊಣಗುವುದಕ್ಕಿಂತ ಅದರೊಳಗೆ ಹೇಗೆ ಗೆಲ್ಲುವುದು ಎಂದು ನೋಡುವುದು ಲೇಸು.

ಅದಕ್ಕೂ ಮುಂಚೆ ನಿಮ್ಮ ಮೌನ ಯಾವ ಬಗೆಯದು ಎಂದು ಗೊತ್ತಾಗಬೇಕು. ಹೊರಗಿನಿಂದ ಒಂದೇ ಥರ ಕಾಣುವ ಮೂರು ಸಂಗತಿಗಳಿವೆ, ಮೂರಕ್ಕೂ ಮದ್ದು ಬೇರೆ. ಅಂತರ್ಮುಖಿಗೆ ಜನರ ಹೆದರಿಕೆ ಇರುವುದಿಲ್ಲ. ಅವರೊಡನೆ ಚೆನ್ನಾಗಿಯೇ ಮಾತಾಡುತ್ತಾರೆ, ಆದರೆ ಒಂದೆರಡು ತಾಸಾಗುವಷ್ಟರಲ್ಲಿ ಸಾಕು ಅನಿಸುತ್ತದೆ, ಆಮೇಲೆ ಒಬ್ಬರೇ ಇದ್ದರೆ ಹಿತ. ಸಂಕೋಚದವರ ಕಥೆ ಬೇರೆ. ಅವರಿಗೆ ಮಾತಾಡಬೇಕೆಂಬ ಆಸೆ ಇರುತ್ತದೆ, ಜನ ಏನಂದುಕೊಂಡಾರು ಎಂಬ ಭಯ ತಡೆಯುತ್ತದೆ. ಈ ಭಯ ಆರು ತಿಂಗಳಿಗೂ ಮೀರಿ ಉಳಿದು, ಮೀಟಿಂಗಿನ ಹಿಂದಿನ ರಾತ್ರಿ ನಿದ್ದೆ ಕೆಡಿಸುವಷ್ಟು, ರಜೆ ಹಾಕಿ ತಪ್ಪಿಸಿಕೊಳ್ಳುವಷ್ಟು, ಪ್ರಮೋಷನ್ನೇ ಬೇಡ ಅನ್ನಿಸುವಷ್ಟು ಬಲಿತರೆ ಅದು ಸಾಮಾಜಿಕ ಆತಂಕದ ತೊಂದರೆ. ಅದಕ್ಕೆ ಚಿಕಿತ್ಸೆ ಇದೆ, ಯೋಚನೆ ಮತ್ತು ನಡವಳಿಕೆಯನ್ನು ಮೆಲ್ಲಗೆ ತಿದ್ದುವ ಅರಿವು-ವರ್ತನೆ ಚಿಕಿತ್ಸೆಯಿಂದ (ಸಿಬಿಟಿ) ಬಹಳ ಮಂದಿಗೆ ಗುಣ ಕಾಣುತ್ತದೆ. 'ನಾನು ಅಂತರ್ಮುಖಿ' ಎಂಬ ಹಣೆಪಟ್ಟಿ ಅಂಟಿಸಿಕೊಂಡು ಈ ಭಯವನ್ನು ವರ್ಷಗಟ್ಟಲೆ ಸಾಕಿಕೊಂಡವರು ಬಹಳ ಮಂದಿ ಇದ್ದಾರೆ. ಅಂತರ್ಮುಖಿಗಳನ್ನು ಹಾಡಿ ಹೊಗಳುವ ಬರಹಗಳಿಂದ ಆಗಿರುವ ಒಂದು ಹಾನಿ ಇದು.

ಮೂರನೆಯದು ಭಾಷೆ. ಮುಂಬಯಿ, ಪುಣೆಯ ಕನ್ನಡಿಗರ ವಿಷಯದಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಐರೋಲಿಯ ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗುತ್ತದೆ, ತಮಾಷೆ ಮರಾಠಿಯಲ್ಲಿ, ಜಗಳ ಹಿಂದಿಯಲ್ಲಿ. ಮನುಷ್ಯರ ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಮಾತ್ರ ಎಂದು ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದು ತೋರಿಸಿತು. ಚಿತ್ರ ನೋಡಿ ಅದರ ಹೆಸರನ್ನು ಬಾಯಿಗೆ ತರುವುದಕ್ಕೇ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅಂದರೆ ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ನಮ್ಮ ವಾಕ್ಯ ಕಟ್ಟಿಕೊಂಡಿರಬೇಕು. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೋ ಹಿಂದಿಗೋ ಹೊರಳಿಸುವವರಿಗೆ ಇನ್ನೊಂದಿಷ್ಟು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಸಂದು ಮುಚ್ಚಿಹೋಗಿರುತ್ತದೆ. ವೀಡಿಯೊ ಕಾಲ್‌ನಲ್ಲಿ ದನಿ ತಡವಾಗಿ ಬರುವುದರಿಂದ ಇದು ಇನ್ನೂ ಕಷ್ಟ. ಕುಮಟೆಯ ಅಕ್ಕತಂಗಿಯರ ನಡುವೆ ನೀವು ಗಲಗಲ ಮಾತಾಡುವವರಾಗಿದ್ದು ಆಫೀಸಿನಲ್ಲಿ ಮಾತ್ರ ಬಾಯಿ ಕಟ್ಟುತ್ತದೆ ಎಂದಾದರೆ, ಅದರಲ್ಲಿ ಸ್ವಭಾವದ ಪಾಲು ನೀವೆಣಿಸಿದ್ದಕ್ಕಿಂತ ಕಡಿಮೆ.

ಇವನ್ನು ಬೇರ್ಪಡಿಸಿ ನೋಡಲು ಒಂದು ವಾರ ಹೀಗೆ ಮಾಡಿ. ಮೀಟಿಂಗಿನಲ್ಲಿ ಮಾತಾಡಬಹುದಿತ್ತು ಆದರೆ ಆಡಲಿಲ್ಲ ಎನಿಸಿದಾಗಲೆಲ್ಲ ಡೈರಿಯ ಅಂಚಿನಲ್ಲಿ ಒಂದು ಅಕ್ಷರ ಬರೆಯಿರಿ. ಹೆದರಿಕೆಯಾಗಿದ್ದರೆ 'ಹೆ', ಮಾತು ಸಿದ್ಧವಿದ್ದೂ ಸಂದು ಸಿಗದಿದ್ದರೆ 'ಸ', ಹೇಳುವ ಅಗತ್ಯವೇ ಕಾಣದಿದ್ದರೆ 'ಬೇ'. ವಾರದ ಕೊನೆಗೆ ಎಣಿಸಿ. 'ಹೆ' ಜಾಸ್ತಿ ಇದ್ದು ಅದರ ಜೊತೆ ಎದೆ ಹೊಡೆತ, ಕೈ ಬೆವರು ಇದ್ದರೆ ಮನಶ್ಶಾಸ್ತ್ರಜ್ಞರನ್ನು ನೋಡಿ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. 'ಸ' ಮತ್ತು 'ಬೇ' ಹೆಚ್ಚಿದ್ದರೆ ಮುಂದಿನದೆಲ್ಲ ನಿಮಗಾಗಿಯೇ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಜನಪ್ರಿಯಗೊಳಿಸಿದವರು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್, 1921ರ ಪುಸ್ತಕದಲ್ಲಿ. ಇದಕ್ಕೆ ದೇಹದೊಳಗೆ ಕಾರಣ ಹುಡುಕಿದವರಲ್ಲಿ ಮುಖ್ಯರು ಮನೋವಿಜ್ಞಾನಿ ಹಾನ್ಸ್ ಐಸೆಂಕ್. ಅಂತರ್ಮುಖಿಗಳ ಮಿದುಳು ಹೊರಗಿನ ಪ್ರಚೋದನೆಗೆ ಬೇಗ ತುಂಬಿಬಿಡುತ್ತದೆ ಎಂಬುದು 1967ರಲ್ಲಿ ಅವರು ಮಂಡಿಸಿದ ವಾದದ ತಿರುಳು. ಆ ಕಾಲದ ಒಂದು ಪ್ರಯೋಗ ಈಗಲೂ ಪಾಠಗಳಲ್ಲಿ ಬರುತ್ತದೆ: ನಾಲಿಗೆಯ ಮೇಲೆ ನಿಂಬೆ ರಸದ ನಾಲ್ಕು ಹನಿ ಹಾಕಿದರೆ ಅಂತರ್ಮುಖಿಗಳ ಬಾಯಲ್ಲಿ ನೀರು ಹೆಚ್ಚು ಬರುತ್ತದೆ. ಐಸೆಂಕರ ಸಿದ್ಧಾಂತದ ಎಲ್ಲ ಭಾಗವೂ ಮುಂದಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ, ಆದರೆ ನಿತ್ಯದ ಬಾಳಿಗೆ ಬೇಕಾದ ಒಂದು ಅಂಶ ನಿಂತಿದೆ. 1984ರಲ್ಲಿ ರಸೆಲ್ ಗೀನ್ ಎಂಬುವರು ಎರಡೂ ಸ್ವಭಾವದವರಿಗೆ ಕಲಿಕೆಯ ಕೆಲಸ ಕೊಟ್ಟು, ಹಿನ್ನೆಲೆಯ ಸದ್ದು ಎಷ್ಟಿರಬೇಕೆಂದು ಅವರೇ ಆರಿಸಿಕೊಳ್ಳಲು ಬಿಟ್ಟರು. ಅಂತರ್ಮುಖಿಗಳು ಕಡಿಮೆ ಸದ್ದು ಆರಿಸಿದರು. ತಂತಮ್ಮ ಸದ್ದಿನಲ್ಲಿ ಇಬ್ಬರೂ ಸಮಸಮ. ಒಬ್ಬರ ಸದ್ದನ್ನು ಇನ್ನೊಬ್ಬರಿಗೆ ಹಚ್ಚಿದಾಗ ಇಬ್ಬರೂ ಹಿಂದೆ ಬಿದ್ದರು. ಹಾಗಾಗಿ ಅಂತರ್ಮುಖಿಗಳ ಬುದ್ಧಿ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಅದು ಚೆನ್ನಾಗಿ ಓಡುವ ವಾತಾವರಣ ಬೇರೆ. ಈ ಸ್ವಭಾವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಹೆಚ್ಚುಕಡಿಮೆ ಅರ್ಧ ಭಾಗ ಹುಟ್ಟಿನಿಂದ ಬಂದದ್ದು ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಮಗನ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಈಗ ಶಕ್ತಿಗಳ ಮಾತು. ಇಲ್ಲಿ ಉತ್ಪ್ರೇಕ್ಷೆ ಬಹಳ. ಮೌನಿಗಳೆಲ್ಲ ಆಳವಾಗಿ ಯೋಚಿಸುತ್ತಾರೆ, ಮಾತುಗಾರರೆಲ್ಲ ಮೇಲುಮೇಲಿನವರು ಎಂಬುದಕ್ಕೆ ಆಧಾರವಿಲ್ಲ. ಹಾಗೆಯೇ ಬಹಿರ್ಮುಖಿಗಳಿಗೆ ಕೆಲವು ಅನುಕೂಲಗಳಿರುವುದೂ ನಿಜ. ಗುಂಪಿನಲ್ಲಿ ಹೆಚ್ಚು ಹೊತ್ತು ಮಾತಾಡಿದವರನ್ನೇ ಜನ ನಾಯಕರೆಂದು ಗುರುತಿಸುವ ಪ್ರವೃತ್ತಿ ಇದೆ, ಅವರಾಡಿದ್ದು ಏನು ಎಂಬುದು ಆಮೇಲಿನ ಮಾತು. ಸಮೀಕ್ಷೆಗಳಲ್ಲಿ ಬಹಿರ್ಮುಖಿಗಳು ಸರಾಸರಿಯಲ್ಲಿ ಹೆಚ್ಚು ಉಲ್ಲಾಸದಿಂದಿರುವುದಾಗಿ ಹೇಳಿಕೊಳ್ಳುತ್ತಾರೆ ಕೂಡ. ಇದನ್ನು ಮುಚ್ಚಿಟ್ಟು ಅಂತರ್ಮುಖಿಗಳನ್ನು ಓಲೈಸಿದರೆ ನಿಮಗೆ ಉಪಯೋಗವಾಗುವುದಿಲ್ಲ.

ಆದರೆ ಮಾತುಗಾರರೇ ಎಲ್ಲದರಲ್ಲೂ ಮುಂದು ಎಂಬ ನಂಬಿಕೆಯೂ ಅಳತೆಗೆ ನಿಂತಿಲ್ಲ. ಆಡಂ ಗ್ರಾಂಟ್ ಎಂಬ ಸಂಶೋಧಕರು ಕಾಲ್ ಸೆಂಟರಿನ 340 ಮಾರಾಟಗಾರರ ಮೂರು ತಿಂಗಳ ವ್ಯವಹಾರ ತಾಳೆ ನೋಡಿ 2013ರಲ್ಲಿ ಪ್ರಕಟಿಸಿದರು. ಅತಿ ಬಹಿರ್ಮುಖಿಗಳೂ ಅತಿ ಅಂತರ್ಮುಖಿಗಳೂ ಹಿಂದಿದ್ದರು, ನಡುವಿನವರು ಹೆಚ್ಚು ಮಾರಿದ್ದರು. ಗ್ರಾಂಟ್ ಕೊಟ್ಟ ಕಾರಣ ಸರಳ: ಅತಿಯಾಗಿ ಮಾತಾಡುವವರು ಗಿರಾಕಿಯ ಮಾತು ಕೇಳಿಸಿಕೊಳ್ಳುವುದಿಲ್ಲ. ಅದೇ ಗ್ರಾಂಟ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪಿಜ್ಜಾ ಅಂಗಡಿಗಳ ಲಾಭ ನೋಡಿದ್ದರು. ಕೆಲಸಗಾರರು ತಾವಾಗಿ ಸಲಹೆ ಕೊಡುವಂಥವರಾಗಿದ್ದ ಕಡೆ ಅಂತರ್ಮುಖಿ ಮ್ಯಾನೇಜರ್‌ಗಳ ಅಂಗಡಿ ಹೆಚ್ಚು ಗಳಿಸಿತು. ಹೇಳಿದ್ದನ್ನಷ್ಟೇ ಮಾಡುವ ಕೆಲಸಗಾರರಿದ್ದ ಕಡೆ ಬಹಿರ್ಮುಖಿಗಳೇ ಮೇಲು. ನಿಮಗೆ ಲೀಡ್ ಆಗುವ ಆಸೆಯಿದ್ದರೆ ಇದನ್ನು ನೆನಪಿಡಿ. ಅನುಭವಿಗಳ, ತಮ್ಮ ಕೆಲಸ ತಾವು ಬಲ್ಲವರ ಚಿಕ್ಕ ತಂಡ ನಿಮಗೆ ಒಗ್ಗುತ್ತದೆ. ಹದಿನೈದು ಹೊಸ ಹುಡುಗರನ್ನು ದಿನಾ ಬೆಳಗ್ಗೆ ಹುರಿದುಂಬಿಸಬೇಕಾದ ತಂಡ ನಿಮ್ಮನ್ನು ಹಿಂಡಿಹಾಕುತ್ತದೆ.

ಹಾಗಾದರೆ ನಿಮ್ಮಂಥವರ ಬಂಡವಾಳ ಯಾವುದು? ಬರಿಯ ಮೌನವಂತೂ ಬಂಡವಾಳವಾಗುವುದಿಲ್ಲ. ಮಾತಾಡದೆ ಉಳಿಸಿದ ಹೊತ್ತಿನಲ್ಲಿ ಏನು ಮಾಡುತ್ತೀರಿ ಎಂಬುದರಲ್ಲಿ ಅದಿದೆ. ಕೆಲವರು ಆ ಹೊತ್ತಿನಲ್ಲಿ ಪೂರ್ವತಯಾರಿ ಮಾಡುತ್ತಾರೆ, ಎದುರಿನವರ ಮಾತನ್ನು ಕೊನೆತನಕ ಕೇಳುತ್ತಾರೆ, ಬರೆದಿಡುತ್ತಾರೆ, ಒಂದೇ ಕೆಲಸಕ್ಕೆ ಅಂಟಿಕೊಂಡು ಕೂರುತ್ತಾರೆ. ಇನ್ನು ಕೆಲವರು ಮೊಬೈಲ್ ನೋಡುತ್ತಾರೆ. ಟೆಸ್ಟಿಂಗ್‌ನಂಥ ಕೆಲಸದಲ್ಲಿ ಮೊದಲ ಗುಂಪಿನವರ ಬೆಲೆ ಬಹಳ. ಡೆವಲಪರ್ ಡೆಮೊ ತೋರಿಸುವಾಗ ಎಲ್ಲರೂ ಪರದೆಯ ಮೇಲಿನ ಹೊಸ ಬಟನ್ ನೋಡುತ್ತಿದ್ದರೆ, ಅವರು ಯಾವ ಹೆಜ್ಜೆಯನ್ನು ಬೇಗ ದಾಟಿಸಿದರು, ಯಾವ ಪ್ರಶ್ನೆಗೆ 'ಅದನ್ನು ಆಮೇಲೆ ನೋಡೋಣ' ಅಂದರು ಎಂಬುದನ್ನು ಗಮನಿಸುವವರು ಅಲ್ಲಿ ಸುಮ್ಮನೆ ಕೂತವರೇ. ತೊಂದರೆಯಾಗುವುದು ಮುಂದಿನ ಹೆಜ್ಜೆಯಲ್ಲಿ. ಗಮನಿಸಿದ್ದು ಬಗ್‌ಗಳ, ಅಂದರೆ ದೋಷಗಳ, ಪಟ್ಟಿಯಲ್ಲಿ 43ನೇ ಸಾಲಾಗಿ ಕೂರುತ್ತದೆ, ಅದರ ಹಿಂದಿನ ವಿವೇಚನೆ ಯಾರಿಗೂ ಕಾಣುವುದಿಲ್ಲ.

ಪರಿಹಾರ ಮೀಟಿಂಗಿನ ಹಿಂದಿನ ದಿನದಿಂದ ಶುರುವಾಗಬೇಕು. ಬುಧವಾರ ಬೆಳಗ್ಗೆ ಸಾಫ್ಟ್‌ವೇರ್ ಬಿಡುಗಡೆಯ ಮೀಟಿಂಗ್ ಇದೆ ಎನ್ನಿ. ಮಂಗಳವಾರ ಸಂಜೆ ಐದರೊಳಗೆ, ಮ್ಯಾನೇಜರ್ ಇನ್ನೂ ಕುರ್ಚಿಯಲ್ಲಿರುವಾಗಲೇ, ನಾಲ್ಕೈದು ಸಾಲಿನ ಟಿಪ್ಪಣಿ ಕಳುಹಿಸಿ. ಇಂಗ್ಲಿಷಿನಲ್ಲೇ ಕಳುಹಿಸುತ್ತೀರಿ, ಆದರೆ ಒಳಗಿನ ಸರಕು ಹೀಗಿರಲಿ:

"ನಾಳೆಯ ಮೀಟಿಂಗಿಗೆ ಒಂದು ವಿಷಯ. ರಿಫಂಡ್ ಆಗುತ್ತಿರುವಾಗ ನೆಟ್‌ವರ್ಕ್ ಕಡಿದು ಗ್ರಾಹಕರು ಮತ್ತೊಮ್ಮೆ ಒತ್ತಿದರೆ ಹಣ ಎರಡು ಸಲ ಜಮಾ ಆಗುತ್ತಿದೆ. 20 ಸಲ ಮಾಡಿ ನೋಡಿದ್ದರಲ್ಲಿ 3 ಸಲ ಹೀಗಾಯಿತು. ಇದು ಸರಿಹೋಗದೆ ಬಿಡುಗಡೆ ಮಾಡಬಾರದೆಂದು ನನ್ನ ಅಭಿಪ್ರಾಯ. ಡೆವಲಪರ್ ಜೊತೆ ಮಾತಾಡಿದ್ದೇನೆ, ಒಂದು ದಿನ ಸಾಕಂತೆ. ನಾಳೆ ಎರಡು ನಿಮಿಷ ಬೇಕು."

ಇದರಲ್ಲಿ ಏನು ಆಗುತ್ತಿದೆ, ಎಷ್ಟು ಸಲ, ನಿಮ್ಮ ಅಭಿಪ್ರಾಯ ಏನು, ಎಷ್ಟು ಸಮಯ ಬೇಕು ಎಂಬ ನಾಲ್ಕೂ ಇದೆ. ಮೆಲುದನಿಯವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಮೂರನೆಯದನ್ನು. ಹತ್ತು ಸ್ಕ್ರೀನ್‌ಶಾಟ್ ಅಂಟಿಸಿ ತೀರ್ಮಾನವನ್ನು ಓದುವವರಿಗೆ ಬಿಡುತ್ತಾರೆ. ಓದುವವರಿಗೆ ಪುರುಸೊತ್ತಿಲ್ಲ, ಹಾಗಾಗಿ ತೀರ್ಮಾನವನ್ನು ಬಾಯಿಮಾತಿನಲ್ಲಿ ಮೊದಲು ಹೇಳಿದವರ ಹೆಸರು ಉಳಿಯುತ್ತದೆ. ಇನ್ನೊಂದು ತಪ್ಪು, ಎಲ್ಲ ಮುಗಿದ ಮೇಲೆ ರಾತ್ರಿ ಹತ್ತಕ್ಕೆ ಉದ್ದದ ಮೇಲ್ ಬರೆಯುವುದು. ಅದರಲ್ಲಿ ಎಷ್ಟೇ ಒಳ್ಳೆಯ ವಿಚಾರವಿದ್ದರೂ ನಿರ್ಧಾರ ಆಗಿಹೋಗಿರುತ್ತದೆ, ಓದಿದವರಿಗೆ ಅದು ಆಕ್ಷೇಪಣೆಯಂತೆ ಕೇಳಿಸುತ್ತದೆ.

ಟಿಪ್ಪಣಿ ಹೋಗಿದ್ದರೆ ಮೀಟಿಂಗಿನಲ್ಲಿ ನೀವು ಸಂದು ಹುಡುಕಬೇಕಿಲ್ಲ, ಮ್ಯಾನೇಜರೇ ಕರೆಯುವ ಸಂಭವ ಹೆಚ್ಚು. ಆದರೂ ಮೊದಲ ಹತ್ತು ನಿಮಿಷದೊಳಗೆ ಒಂದು ಸಲ ದನಿ ಎತ್ತಿಬಿಡಿ, ಚಿಕ್ಕ ಪ್ರಶ್ನೆಯಾದರೂ ಸಾಕು: 'ಇದು ಈ ವಾರದ ಪಟ್ಟಿಯೋ, ಹೋದ ವಾರದ್ದೋ?' ತಡ ಮಾಡಿದಷ್ಟೂ ಬಾಯಿ ಬಿಡುವುದು ಕಷ್ಟವಾಗುತ್ತದೆ, ಏಕೆಂದರೆ ಅಷ್ಟು ಹೊತ್ತು ಸುಮ್ಮನಿದ್ದು ಆಡುವ ಮಾತು ಘನವಾಗಿರಬೇಕೆಂದು ನೀವೇ ಮಟ್ಟವನ್ನು ಎತ್ತರಿಸಿಕೊಳ್ಳುತ್ತಾ ಹೋಗುತ್ತೀರಿ. ಬಾಗಿಲ ಬಳಿಯ ಮೂಲೆ ಕುರ್ಚಿ ಬೇಡ, ಮೀಟಿಂಗ್ ನಡೆಸುವವರ ಕಣ್ಣು ಬೀಳುವಲ್ಲಿ ಕೂರಿ. ಕಾಲ್‌ನಲ್ಲಿದ್ದರೆ ಕೈ ಎತ್ತುವ ಬಟನ್ ಒತ್ತಿ ಮೈಕ್ ತೆರೆದಿಡಿ.

ಮಾತಿಗೆ ಇಳಿಯುವ ಮೊದಲ ತುಣುಕು ಬಾಯಿಪಾಠ ಇರಲಿ, ಆಗ ಆ ಸೆಕೆಂಡಿನ ಐದನೇ ಭಾಗದ ತೊಡಕು ಕಳೆಯುತ್ತದೆ. ಮರಾಠಿಯವರ ನಡುವೆ 'ಮಲಾ ಏಕ್ ಮುದ್ದಾ ಮಾಂಡಾಯಚಾ ಆಹೇ', ಹಿಂದಿಯಲ್ಲಾದರೆ 'ಏಕ್ ಚೀಜ್ ಆಡ್ ಕರ್ನೀ ಹೈ'. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಎಲ್ಲರೂ ನಿಮ್ಮತ್ತ ತಿರುಗಿರುತ್ತಾರೆ, ಮುಂದಿನ ವಾಕ್ಯ ಕಟ್ಟಿಕೊಳ್ಳಲು ನಿಮಗೂ ಹೊತ್ತು ಸಿಕ್ಕಿರುತ್ತದೆ. ಯಾರಾದರೂ ನಡುವೆ ಬಾಯಿ ಹಾಕಿದರೆ ದನಿ ಏರಿಸಬೇಡಿ, ನಿಲ್ಲಿಸಲೂಬೇಡಿ. ಅವರ ಹೆಸರು ಹಿಡಿದು 'ಒಂದು ನಿಮಿಷ, ಮುಗಿಸಿಬಿಡ್ತೇನೆ' ಅಂದು ಅದೇ ವೇಗದಲ್ಲಿ ಮುಂದುವರಿಸಿ. ನಿಮ್ಮ ಮಾತನ್ನೇ ಇನ್ನೊಬ್ಬರು ಹತ್ತು ನಿಮಿಷ ಬಿಟ್ಟು ಜೋರಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದರೆ, 'ಹೌದು, ನಿನ್ನೆಯ ಮೇಲ್‌ನಲ್ಲಿ ನಾನು ಹೇಳಿದ್ದು ಇದನ್ನೇ, ಅದರ ಮುಂದಿನ ಭಾಗ ಹೀಗಿದೆ' ಎಂದು ಎತ್ತಿಕೊಳ್ಳಿ. ಮುಖ ಸಿಂಡರಿಸದೆ ಹೀಗೆ ಹೇಳಲು ಸಾಧ್ಯವಾಗುವುದು ಆ ಮೇಲ್ ಇದ್ದರೆ ಮಾತ್ರ.

ಒಟ್ಟಿಗೆ ಕೂತು ಐಡಿಯಾ ಹುಡುಕುವ ಮೀಟಿಂಗುಗಳ ಬಗ್ಗೆಯೂ ಒಂದು ಮಾತು. ಒಬ್ಬೊಬ್ಬರೇ ಬರೆದು ಆಮೇಲೆ ಕೂಡಿಸಿದಾಗ ಬರುವಷ್ಟು ಐಡಿಯಾಗಳು ಒಟ್ಟಿಗೆ ಕೂತಾಗ ಬರುವುದಿಲ್ಲ ಎಂಬುದು 1958ರಿಂದಲೂ ಮತ್ತೆ ಮತ್ತೆ ಕಂಡಿದೆ. ಮುಖ್ಯ ಕಾರಣವನ್ನು ಡೀಲ್ ಮತ್ತು ಸ್ಟ್ರೋಬ 1987ರಲ್ಲಿ ತೋರಿಸಿದರು: ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಕಾಯುತ್ತಾ ಮರೆಯುತ್ತಾರೆ, ಇಲ್ಲವೇ ಹೊಸದು ಹೊಳೆಯುವುದೇ ನಿಲ್ಲುತ್ತದೆ. ಇದು ಬಹಿರ್ಮುಖಿಗಳಿಗೂ ಅನ್ವಯಿಸುತ್ತದೆ. ಹಾಗಾಗಿ 'ಮೊದಲ ಐದು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೆಯೋಣ, ಆಮೇಲೆ ಓದೋಣ' ಎಂದು ನೀವು ಸೂಚಿಸಿದರೆ ಅದು ನಿಮ್ಮ ಅನುಕೂಲಕ್ಕೆ ಕೇಳಿದ ರಿಯಾಯಿತಿಯಂತೆ ಕಾಣುವುದಿಲ್ಲ, ತಂಡಕ್ಕೇ ಲಾಭ.

ಅಪ್ರೈಸಲ್‌ನ ಆ ಸಾಲಿಗೆ ಬೇರೆಯೇ ಉಪಾಯ ಬೇಕು. 'ಕಾಣಿಸಿಕೊಳ್ಳಬೇಕು' ಎಂಬುದು ಅಳೆಯಲಾಗದ ಮಾತು, ಅದನ್ನು ಹಾಗೇ ಒಪ್ಪಿಕೊಂಡು ಎದ್ದುಬರಬಾರದು. ಮ್ಯಾನೇಜರ್ ಜೊತೆ ಹದಿನೈದು ನಿಮಿಷ ಒಬ್ಬರೇ ಕೂತು ಕೇಳಿ: ಯಾವ ಮೀಟಿಂಗಿನಲ್ಲಿ, ನಾನು ಏನು ಮಾಡಿದರೆ ಮುಂದಿನ ಸಲ ಈ ಸಾಲು ಬರುವುದಿಲ್ಲ? ಎರಡು ನಿರ್ದಿಷ್ಟ ಸಂಗತಿ ಹೇಳಿಸಿಕೊಳ್ಳಿ. ತಿಂಗಳಿಗೊಮ್ಮೆ ಕ್ಲೈಂಟ್ ಕಾಲ್‌ನಲ್ಲಿ ಟೆಸ್ಟಿಂಗ್ ವರದಿ ಮಂಡಿಸುವುದು, ಒಬ್ಬ ಹೊಸಬರಿಗೆ ಕಲಿಸುವುದು, ಹೀಗೆ. ಅದೇ ದಿನ ಅದನ್ನು ಎರಡು ಸಾಲಿನ ಮೇಲ್‌ನಲ್ಲಿ ದಾಖಲಿಸಿ. ಎರಡು ವಾರಕ್ಕೊಮ್ಮೆ ಇಂಥ ಹದಿನೈದು ನಿಮಿಷ ಕೇಳಿ ಪಡೆಯಿರಿ. ಒಬ್ಬರೊಡನೊಬ್ಬರು ಕೂತು ಮಾತಾಡುವುದರಲ್ಲಿ ನಿಮ್ಮಂಥವರು ಯಾರಿಗೂ ಕಡಿಮೆಯಿಲ್ಲ. ಜೊತೆಗೆ ಶುಕ್ರವಾರ ಸಂಜೆ ಹತ್ತು ನಿಮಿಷ ತೆಗೆದಿಟ್ಟು ಒಂದು ಕಡತದಲ್ಲಿ ಬರೆಯಿರಿ: ಈ ವಾರ ಏನು ಹಿಡಿದೆ, ಹಿಡಿಯದಿದ್ದರೆ ಏನಾಗುತ್ತಿತ್ತು, ಯಾರಿಗೆ ಅನುಕೂಲವಾಯಿತು. ಆರು ತಿಂಗಳಿಗೆ ಇಪ್ಪತ್ತೈದು ನಮೂದು ಆಗುತ್ತವೆ, ಅವುಗಳಲ್ಲಿ ತೂಕದ ಐದನ್ನು ಆರಿಸಿದರೆ ಅಪ್ರೈಸಲ್‌ಗೆ ಒಂದು ಪುಟ ಸಿದ್ಧ. 'ಹಿಡಿಯದಿದ್ದರೆ ಏನಾಗುತ್ತಿತ್ತು' ಎಂಬ ಸಾಲು ಬಿಡಬೇಡಿ. ಆಗದೇ ಹೋದ ಅನಾಹುತ ಯಾರ ಕಣ್ಣಿಗೂ ಬೀಳುವುದಿಲ್ಲ, ಟೆಸ್ಟಿಂಗ್‌ನವರ ಶಾಶ್ವತ ಸಂಕಟ ಇದು.

ಇಷ್ಟೆಲ್ಲ ಮಾಡುವುದು ಎಂದರೆ ಸ್ವಲ್ಪ ನಟಿಸಿದಂತೆ ಅಲ್ಲವೇ ಎಂದು ಕೇಳಬಹುದು. ಹೌದು, ಸ್ವಲ್ಪ. ಮಾತುಗಾರರಂತೆ ಸ್ವಲ್ಪ ಹೊತ್ತು ನಡೆದುಕೊಂಡರೆ ಅಂತರ್ಮುಖಿಗಳಿಗೂ ಆ ಹೊತ್ತಿಗೆ ಉಲ್ಲಾಸ ಏರುತ್ತದೆ ಎಂದು ವಿಲಿಯಂ ಫ್ಲೀಸನ್ ಮತ್ತು ಸಂಗಡಿಗರು 2002ರಲ್ಲೇ ತೋರಿಸಿದ್ದರು. ಆದರೆ ಇಡೀ ವಾರ ಹಾಗೇ ಇರಿ ಎಂದು ಹೇಳಿ ನೋಡಿದ ನಂತರದ ಒಂದು ಆಸ್ಟ್ರೇಲಿಯನ್ ಅಧ್ಯಯನದಲ್ಲಿ ಹೆಚ್ಚು ಅಂತರ್ಮುಖಿಗಳಾದವರಿಗೆ ಲಾಭ ಅಷ್ಟಾಗಿ ಸಿಗಲಿಲ್ಲ, ದಣಿವು ಹೆಚ್ಚಿತು. ಎರಡನ್ನೂ ಸೇರಿಸಿ ಓದಿದರೆ ಲೆಕ್ಕ ಸ್ಪಷ್ಟ. ದಿನಕ್ಕೆ ಒಂದು ತಾಸು, ನಿಮಗೆ ಮುಖ್ಯವಾದ ಮೀಟಿಂಗಿಗೆ ಮಾತ್ರ ಆ ವೇಷ ಹಾಕಿ. ಕ್ಯಾಂಟೀನಿನ ಹರಟೆ, ಬರ್ತ್‌ಡೇ ಕೇಕ್, ಶುಕ್ರವಾರದ ಮೋಜಿನಾಟಗಳಿಗೆಲ್ಲ ಅದನ್ನೇ ಹಾಕಿಕೊಂಡು ಓಡಾಡಬೇಡಿ. ಕೇಕ್ ಕತ್ತರಿಸುವಾಗ ಐದು ನಿಮಿಷ ಹೋಗಿ, ಹುಟ್ಟುಹಬ್ಬದವರ ಹತ್ತಿರ ಎರಡು ಮಾತಾಡಿ ಮರಳಿದರೆ ಯಾರೂ ತಪ್ಪೆಣಿಸುವುದಿಲ್ಲ. ಹೋಗದೇ ಇದ್ದರೆ ಎಣಿಸುತ್ತಾರೆ.

ಹೀಗೆ ವೇಷ ಹಾಕಿದ ಮೇಲೆ ಅದನ್ನು ಕಳಚಲು ಜಾಗ ಬೇಕು. ಮುಂಬಯಿಯಲ್ಲಿ ಅದೇ ದೊಡ್ಡ ಸಮಸ್ಯೆ. ಒನ್ ರೂಮ್ ಕಿಚನ್ ಮನೆಯಲ್ಲಿ ಒಂಟಿಯಾಗಿರುವುದು ಎಲ್ಲಿ? ವಿಚಿತ್ರವೆಂದರೆ ಲೋಕಲ್ ರೈಲಿನ ಗರ್ದಿಯೇ ಕೆಲವರಿಗೆ ಆ ಜಾಗವಾಗುತ್ತದೆ, ಮೈಗೆ ಮೈ ತಾಗುವಷ್ಟು ಜನ ಇದ್ದರೂ ಯಾರಿಗೂ ಉತ್ತರಿಸಬೇಕಿಲ್ಲ. ಠಾಣೆಯಲ್ಲಿ ಗಾಡಿ ಬದಲಿಸುವ ನಿಮಗೆ ಎರಡು ತುಂಡು ಪ್ರಯಾಣ. ಮರಳುವಾಗ ಐರೋಲಿಯಿಂದ ಠಾಣೆವರೆಗಿನದನ್ನು ಫೋನ್ ಕರೆಗಳಿಗೆ, ಠಾಣೆಯಿಂದ ಡೊಂಬಿವಲಿವರೆಗಿನದನ್ನು ಪೂರಾ ಮೌನಕ್ಕೆ ಎಂದು ಗೊತ್ತುಮಾಡಿಕೊಳ್ಳಿ. ಲೇಡೀಸ್ ಡಬ್ಬಿಯ ಖಾಯಂ ಗೆಳತಿಯರ ಗುಂಪಿದ್ದರೆ ವಾರದಲ್ಲಿ ಎರಡು ದಿನ ಬೇರೆ ಡಬ್ಬಿ ಹತ್ತಿ. ಅವರಿಗೆ ಮೊದಲೇ ಹೇಳಿಟ್ಟರೆ ಬೇಸರವಿರುವುದಿಲ್ಲ. ಮನೆ ಮುಟ್ಟಿದ ಮೊದಲ ಇಪ್ಪತ್ತು ನಿಮಿಷ ಯಾರೂ ಏನೂ ಕೇಳಬಾರದು ಎಂಬ ಒಪ್ಪಂದ ಗಂಡ ಮತ್ತು ಅತ್ತೆಯವರೊಡನೆ ಮಾಡಿಕೊಳ್ಳಿ. 'ನನಗೆ ಸುಸ್ತು' ಎಂದರೆ ಕಾಯಿಲೆಯೇ ಎಂದು ಕೇಳುತ್ತಾರೆ. 'ಇಪ್ಪತ್ತು ನಿಮಿಷ ಬಿಟ್ಟು ಬಂದು ಎಲ್ಲ ಹೇಳ್ತೇನೆ ಅತ್ತೆ' ಎಂದು ಗಡಿಯಾರ ತೋರಿಸಿ ಹೇಳಿದರೆ ಒಪ್ಪುತ್ತಾರೆ, ಆ ಇಪ್ಪತ್ತು ನಿಮಿಷ ಬಿಟ್ಟು ನೀವು ನಿಜಕ್ಕೂ ಬಂದರೆ.

ಆಫೀಸಿನಲ್ಲಿ ಗೋಡೆಯಿಲ್ಲದ ದೊಡ್ಡ ಹಾಲ್ ಇದ್ದರೆ ಮಧ್ಯಾಹ್ನ ಊಟದ ನಂತರ ಹತ್ತು ನಿಮಿಷ ಹೊರಗೆ ನಡೆದು ಬನ್ನಿ. ಅಂದಹಾಗೆ, ಎಲ್ಲರೂ ಬೆರೆಯಲಿ ಎಂದು ಗೋಡೆ ಕೆಡವಿದ ಎರಡು ಕಂಪನಿಗಳಲ್ಲಿ ಮುಖಾಮುಖಿ ಮಾತು ಹೆಚ್ಚುವ ಬದಲು ಸುಮಾರು ಶೇ. 70ರಷ್ಟು ಇಳಿಯಿತು ಎಂದು 2018ರಲ್ಲಿ ಬರ್ನ್‌ಸ್ಟೀನ್ ಮತ್ತು ಟರ್ಬನ್ ಅಳೆದು ತೋರಿಸಿದರು. ಜನ ಮೇಲ್, ಮೆಸೇಜಿಗೆ ಇಳಿದಿದ್ದರು. ನಿಮ್ಮೊಬ್ಬರದೇ ಪಾಡು ಇದು ಎಂದುಕೊಳ್ಳಬೇಡಿ.

ಸೊಸೈಟಿಯ ಗಣಪತಿ ಮತ್ತು ಸಂಘದ ವಿಷಯ ಬಹಳ ಸುಲಭ. ಹತ್ತು ದಿನದ ಉತ್ಸವದಲ್ಲಿ ಮೈಕ್ ಹಿಡಿಯುವ ಕೆಲಸಕ್ಕೆ ಹತ್ತು ಜನ ಮುಂದೆ ಬರುತ್ತಾರೆ. ವರ್ಗಣಿಯ ರಶೀದಿ ಪುಸ್ತಕ ತಾಳೆ ನೋಡುವುದಕ್ಕೆ, ಪ್ರಸಾದದ ಸಾಮಾನಿನ ಲೆಕ್ಕಕ್ಕೆ, ಸಂಘದ ಸ್ಮರಣ ಸಂಚಿಕೆಯ ಕರಡು ತಿದ್ದುವುದಕ್ಕೆ ಯಾರೂ ಸಿಗುವುದಿಲ್ಲ. ಕೇಳುವ ಮುಂಚೆಯೇ, ತಯಾರಿಯ ಮೊದಲ ಸಭೆಯಲ್ಲೇ ಅದನ್ನು ಬೇಡಿ ತೆಗೆದುಕೊಳ್ಳಿ. ಕೆಲಸವೊಂದು ಕೈಯಲ್ಲಿದ್ದರೆ ಜನರ ನಡುವೆ ನಿಲ್ಲುವುದೂ ಹಗುರ, ಸುಮ್ಮನೆ ಗೋಡೆಗೊರಗಿ ನಿಂತವರನ್ನೇ ಗುಮ್ಮನಗುಸುಕಿ ಅನ್ನುವುದು. ಆದರೆ ಎಲ್ಲ ಲೆಕ್ಕವನ್ನೂ ನಿಮ್ಮ ತಲೆಗೇ ಕಟ್ಟುವ ಅಪಾಯ ಇದೆ, ಮೌನಿಗಳು ಬೇಡ ಅನ್ನುವುದಿಲ್ಲ ಎಂಬುದು ಎಲ್ಲ ಸಂಘಗಳಿಗೂ ಗೊತ್ತು. ಒಂದು ಕೆಲಸ, ಒಂದು ವರ್ಷ ಎಂದು ಮೊದಲೇ ಹೇಳಿ.

ಮಗನ ವಿಷಯ. ಹಾರ್ವರ್ಡಿನ ಮನೋವಿಜ್ಞಾನಿ ಜೆರೋಮ್ ಕೇಗನ್ ನಾಲ್ಕು ತಿಂಗಳ ಶಿಶುಗಳಿಗೆ ಹೊಸ ಸದ್ದು, ವಾಸನೆ, ಆಟಿಕೆ ತೋರಿಸಿದಾಗ ಸುಮಾರು ಐದರಲ್ಲಿ ಒಂದು ಮಗು ಕೈಕಾಲು ಬಡಿದು ಅಳುತ್ತಿತ್ತು. ಅಂಥ ಮಕ್ಕಳು ಬೆಳೆದಂತೆ ಹೊಸ ಜನರೆದುರು ಹಿಂಜರಿಯುವ ಸಂಭವ ಹೆಚ್ಚಿತ್ತು, ಆದರೆ ಅವರಲ್ಲಿ ಅನೇಕರು ವಿಪರೀತ ಅಂಜುಬುರುಕರಾಗಲಿಲ್ಲ. ಮನೆಯವರು ಅತಿಯಾಗಿ ಕಾಪಾಡದೆ, ನೂಕಲೂ ಹೋಗದೆ, ಮೆಲ್ಲಗೆ ಹೊಸದಕ್ಕೆ ಒಗ್ಗಿಸಿದರೆ ಅನುಕೂಲ. ಬರ್ತ್‌ಡೇ ಪಾರ್ಟಿಗೆ ಎಲ್ಲರಿಗಿಂತ ಹದಿನೈದು ನಿಮಿಷ ಮೊದಲು ಕರೆದೊಯ್ಯಿರಿ, ತುಂಬಿದ ಕೋಣೆಗೆ ಹೊಕ್ಕುವುದಕ್ಕಿಂತ ಖಾಲಿ ಕೋಣೆ ತುಂಬುವುದನ್ನು ನೋಡುವುದು ಅವನಿಗೆ ಸುಲಭ. ಐದು ಮಕ್ಕಳನ್ನು ಕರೆಯುವ ಬದಲು ಒಬ್ಬ ಗೆಳೆಯನನ್ನು ಮನೆಗೆ ಕರೆಯಿರಿ. ಪಕ್ಕದ ಮನೆಯ ಕಾಕೂ ಹೆಸರು ಕೇಳಿದಾಗ ಅವನ ಬದಲು ನೀವು ಉತ್ತರಿಸಬೇಡಿ, ಮನಸ್ಸಿನಲ್ಲೇ ಐದರತನಕ ಎಣಿಸಿ. ಅವನೆದುರಿಗೆ 'ಇವನು ಥೇಟ್ ನನ್ನ ಹಾಗೆ, ಮಾತೇ ಆಡಲ್ಲ' ಎನ್ನುವುದನ್ನು ಇಂದಿನಿಂದಲೇ ಬಿಡಿ. ಪೂರ್ತಿ ಬಿಡಿ.

ಟೀಚರ್ ಹತ್ತಿರ ಮುಂದಿನ ಸಲ ಹೋದಾಗ ಮೂರು ಪ್ರಶ್ನೆ ಕೇಳಿ. ಎದ್ದು ನಿಲ್ಲಿಸಿ ಕೇಳಿದಾಗ ಮಾತ್ರ ಸುಮ್ಮನಿರುತ್ತಾನೋ, ಬೆಂಚಿನ ಪಕ್ಕದವನೊಡನೆಯೂ ಆಡುವುದಿಲ್ಲವೋ? ಇಂಗ್ಲಿಷ್ ತಾಸಿನಲ್ಲಿ ಮಾತ್ರವೋ, ಮರಾಠಿಯಲ್ಲೂ ಹಾಗೆಯೋ? ಹಿಂದಿನ ಬೆಂಚಿನಿಂದ ಕರೆದರೆ ತಿರುಗಿ ನೋಡುತ್ತಾನೋ? ಕೊನೆಯದು ಕಿವಿಯ ಪರೀಕ್ಷೆಗಾಗಿ, ಏಕೆಂದರೆ ಮಂದ ಕೇಳುವ ಮಗುವನ್ನು ಸಂಕೋಚದ ಮಗು ಎಂದು ಎಣಿಸಿಬಿಡುವುದುಂಟು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಅಂಗಳದಲ್ಲಿ ಮರಾಠಿ-ಹಿಂದಿ ಇರುವ ಮಗು ಕೆಲವು ಕಾಲ ಕೇಳಿಸಿಕೊಳ್ಳುತ್ತಲೇ ಇರುವುದು ಸಹಜ, ಅದಕ್ಕಾಗಿ ಮನೆಯಲ್ಲಿ ಕನ್ನಡ ಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಆದರೆ ಮನೆಯಲ್ಲಿ ಸರಾಗ ಮಾತಾಡುವ ಹುಡುಗ ಶಾಲೆಯಲ್ಲಿ ಯಾರೊಡನೆಯೂ, ಗೆಳೆಯರೊಡನೆಯೂ, ಒಂದು ತಿಂಗಳಿಗಿಂತ ಹೆಚ್ಚು ಕಾಲ ಒಂದಕ್ಷರ ಆಡದಿದ್ದರೆ (ಶಾಲೆ ಸೇರಿದ ಮೊದಲ ತಿಂಗಳು ಲೆಕ್ಕಕ್ಕಿಲ್ಲ, ಹೊಸ ಭಾಷೆ ಬಾರದೆ ಸುಮ್ಮನಿದ್ದರೆ ಅದೂ ಬೇರೆ) ಕಾಯದೆ ಮಕ್ಕಳ ಮನಶ್ಶಾಸ್ತ್ರಜ್ಞರ ಹತ್ತಿರ ಕರೆದೊಯ್ಯಿರಿ. ಬೇಗ ಹೋದರೆ ಬೇಗ ಸರಿಹೋಗುವ ತೊಂದರೆ ಅದು. ಟೀಚರ್‌ಗೆ ಒಂದು ಕೋರಿಕೆಯನ್ನೂ ಸಲ್ಲಿಸಿ: ನಾಳೆ ಅವನನ್ನು ಓದಿಸುವ ಪ್ಯಾರಾ ಯಾವುದೆಂದು ಇಂದೇ ಹೇಳಿ ಕಳುಹಿಸಲಿ. ರಾತ್ರಿ ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಸಿ, ಒಂದು ಸಲ ಅಜ್ಜಿಗೆ ಕೇಳಿಸುವಂತೆ ಓದಿಸಿ, ಬೆಳಗ್ಗೆ ಮತ್ತೆ ನೆನಪಿಸಬೇಡಿ.